ನಡುವಿನ ಅಕ್ಷರ

ಡಿಸೆಂಬರ್ 3, ಮಂಗಳವಾರ

ಇಷ್ಟು ದಿನ ಬರೆದಿಲ್ಲ. ಬರೆಯುವಂಥದ್ದು ಏನೂ ನಡೆದಿರಲಿಲ್ಲ. ಟು ಬಿ ಫ್ರ್ಯಾಂಕ್, ಇವತ್ತು ಪೆನ್ನು ಹಿಡಿದದ್ದೂ ಸಿಟ್ಟಿಗೇ.

ಬೆಳಿಗ್ಗೆ ಫೈಜಲ ಬಂದಿದ್ದ. ನಮ್ಮ ಬೀದರಿನ ಚೌಬಾರಾ ಬುರುಜಿನ ಹತ್ತಿರ ಫೋಟೋ ಸ್ಟುಡಿಯೋ ಇಟ್ಟಿದ್ದ ರಶೀದ ಅಹ್ಮದರ ಮಗ. ಮದುವೆ ವಿಡಿಯೋ ತೆಗೆದು ತೆಗೆದು ಬೇಸರವಾಗಿ ಈಗ ಸ್ವಂತ ಸಿನಿಮಾ ಮಾಡುತ್ತಿದ್ದಾನೆ. ಒಂದಿಷ್ಟು ಔರಾದ ಕಡೆ ತೆಗೆದಿದ್ದಾನಂತೆ, ಉಳಿದದ್ದೆಲ್ಲ ಭಾಲ್ಕಿಯ ಒಂದು ಹಳೆಯ ವಾಡೆಯಲ್ಲಿ. ಬಾಗಿಲಲ್ಲೇ ನಿಂತು ಶುರು ಮಾಡಿದ.

“ಚಾಚಾ, ಟೈಟಲ್ ಕಂಪ್ಯೂಟರ್‌ದಾಗ ಮಾಡಂಗಿಲ್ರಿ ನಾ. ವಾಡೆದ ಗ್ವಾಡಿ ಮ್ಯಾಲ ನೀವೇ ಬರೀಬೇಕು. ಕ್ಯಾಮೆರಾ ನಿಮ್ಮ ಕೈ ಹಿಂದ ಇರ್ತದ. ನನ್ನ ಸಿನಿಮಾ ಸುರು ಆಗೋದೇ ನಿಮ್ಮ ಕೈಲಿಂದ.”

ಒಳಗೊಳಗೆ ಹಿಗ್ಗಾಯಿತು. ಗಾಂಧಿ ಗಂಜ ಮಾರುಕಟ್ಟೆಯ ಹಿಂದಿದ್ದ ಟಾಕೀಸಿಗೆ ನಾನು ಬ್ಯಾನರ್ ಬರೆದಷ್ಟು ವರ್ಷ ಈ ಹುಡುಗನಿಗೆ ವಯಸ್ಸಾಗಿಲ್ಲ. ಆ ಟಾಕೀಸು ಈಗ ತೊಗರಿಯ ಗೋದಾಮು. ಆದರೂ ಗತ್ತು ಬಿಡದೆ ಕೇಳಿದೆ, “ಯಾವ ಜಾತಿ ಸಿನಿಮಾ?”

“ಈ ಕಾಲದಾಗ ಜಾತಿ ಯಾಕ ಕೇಳ್ತೀರಿ ಚಾಚಾ?”

“ಲೇ, ದೆವ್ವದ್ದೋ, ಪೊಲೀಸರದ್ದೋ, ಅಳೋದೋ, ಅದು.”

“ಒಬ್ಬಾಕಿ ಮನಿ ಒಳಗ ಹೋಗಿ ಚಿಲಕ ಹಾಕ್ಕೋತಾಳ್ರಿ. ಹೊರಗ ಮಂದಿ ಕೂಡ್ತಾರ. ಬಾಗ್ಲ ಬಡೀತಾರ. ಆಕಿ ಬದುಕ್ಯಾಳೋ ಇಲ್ಲೋ, ನೋಡವ್ರಿಗಿ ಕೊನಿತನಕ ತಿಳಿಯಂಗಿಲ್ಲ. ಹೆಸರು ‘ಒಳಚಿಲಕ’.”

“ಕೊನಿಗಿ ಬಾಗ್ಲ ತೆಗೀತಾಳೇನು?”

“ಅದು ಹೇಳಂಗಿಲ್ರಿ.” ನಕ್ಕ.

ಇಷ್ಟರಲ್ಲಿ ನನ್ನ ಕೈಲಿದ್ದ ಚಹಾದ ಗ್ಲಾಸ್ ವಾಸ್ ಬ್ರೋಕನ್. ಪಾಸಿವ್ ವಾಯ್ಸ್. ಯಾರು ಒಡೆದರು ಅಂತ ಹೇಳಬೇಕಾಗಿಲ್ಲದ ವಾಕ್ಯ. ಬಿ.ಎ. ಎರಡನೇ ವರ್ಷಕ್ಕೇ ಬಿಟ್ಟೆನಲ್ಲ, ಇಂಗ್ಲಿಷ್ ಲೆಕ್ಚರರು ಕಲಿಸಿದ್ದರಲ್ಲಿ ಗಟ್ಟಿಯಾಗಿ ಉಳಿದದ್ದು ಇದೊಂದು, ಮತ್ತೆ ‘ದೇರ್‌ಫೋರ್’. ಗ್ಲಾಸು ಜಿಡ್ಡಾಗಿತ್ತು, ದೇರ್‌ಫೋರ್ ಜಾರಿತು.

ಹದಿನೆಂಟಕ್ಕೆ ಶೂಟಿಂಗು. ಹೋಗುವಾಗ ಹೇಳಿದ, “ಗ್ವಾಡಿ ಒಂದೇ ಅದ್ರಿ. ಮಾಲಕರ ಮನ್ಯಾಗ ಮದಿವಿ, ಮರುದಿನ ಅದಕ್ಕ ಸಿಮೆಂಟ್ ಗಿಲಾವ್ ಮಾಡಸ್ತಾರ. ಕೆಟ್ರ ಕೆಟ್ಟಂಗೇ.” ಸಿಟ್ಟು ಬಂದದ್ದು ಇದಕ್ಕೆ. ನನ್ನ ಕೈ ಕೆಡುತ್ತದೆ ಅಂತ ಇವನಿಗೆ ಯಾರು ಹೇಳಿದರು?

ಡಿಸೆಂಬರ್ 5, ಗುರುವಾರ

ಹಳೆಯ ಬ್ರಷ್ಷುಗಳನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿ, ಪೇಪರ್ ಹಾಸಿ, ಮೂರು ನಮೂನೆ ಬರೆದೆ.

ಸಿನಿಮಾದ ಹೆಸರು ಬರೆಯುವುದೆಂದರೆ ಓದು ಬಾರದವನಿಗೂ ಹೆಸರು ಮುಟ್ಟಬೇಕು. ಗಂಜದ ಹಮಾಲರಲ್ಲಿ ಎಷ್ಟೋ ಜನಕ್ಕೆ ಅಕ್ಷರ ಬರುತ್ತಿರಲಿಲ್ಲ. ಹೆಗಲ ಮೇಲಿನ ಮೂಟೆ ಇಳಿಸದೆ ಬ್ಯಾನರಿನ ಕಡೆ ಒಂದು ಸಲ ನೋಡಿ, ಇದು ಹೊಡೆದಾಟದ್ದು, ಇದು ಅತ್ತೆ ಸೊಸೆದು ಅಂತ ಹೇಳಿಬಿಡುತ್ತಿದ್ದರು. ದೆವ್ವದ್ದಾದರೆ ಅಕ್ಷರದ ಅಡಿ ಮೇಣದ ಹಾಗೆ ಇಳಿಯಬೇಕು. ಪೊಲೀಸರದ್ದಾದರೆ ಕಲ್ಲು ಕಡಿದ ಹಾಗೆ ಚೌಕ, ನಡುವೆ ಒಂದು ಬಿರುಕು. ಪ್ರೀತಿಯದ್ದಾದರೆ ಕೊನೆಯ ಅಕ್ಷರದ ಬಾಲ ಬಳ್ಳಿಯಾಗಿ ಇಡೀ ಹೆಸರಿನ ಕೆಳಗೆ ಓಡಬೇಕು. ಮನೆತನದ ಸಿನಿಮಾಕ್ಕೆ ಹಳದಿ, ದಪ್ಪ, ಊಟವಾದ ಬೀಗರ ಹಾಗೆ ಕೂತ ಅಕ್ಷರ. ಒಂದು ಸಲ ಡಬ್ಬಿಯಲ್ಲಿ ಕೆಂಪು ಉಳಿದಿತ್ತೆಂದು ಅಳುವ ಸಿನಿಮಾಕ್ಕೆ ತೊಟ್ಟಿಕ್ಕುವ ಅಕ್ಷರ ಬರೆದುಬಿಟ್ಟೆ. ದೆವ್ವ ನೋಡಲು ಬಂದವರು ಇಂಟರ್ವಲ್ ತನಕ ದೆವ್ವ ಬರದೆ, ಬರೀ ಸೊಸೆ ಅತ್ತದ್ದು ನೋಡಿ ಕುರ್ಚಿ ಹರಿದುಹಾಕಿದರು. ಮ್ಯಾನೇಜರು ನನ್ನನ್ನು ಹುಡುಕಿಕೊಂಡು ಮನೆಗೇ ಬಂದಿದ್ದ. ನನ್ನ ಹೆಂಡತಿ ಕಾಂತಾ ಅವನಿಗೆ ಅವಲಕ್ಕಿ ಕೊಟ್ಟು ಕಳಿಸಿದ್ದಳು.

ದೆವ್ವದ ಹೆಸರಿಗೆ ಕೈಯನ್ನು ಬೇಕೆಂದೇ ನಡುಗಿಸಬೇಕು. ಅದೊಂದು ಕಲೆ. ಇವತ್ತು ಆ ನಡುಕ ಬೇಕೆನ್ನುವ ಮೊದಲೇ ಬಂತು.

ಫೋಟೋ ತೆಗೆದು ಫೈಜಲನಿಗೆ ಕಳಿಸಿದೆ. ಮೂರೂ ಬೇಡವಂತೆ. “ದೆವ್ವ ಅಂದ್ರ ನಗ್ತಾರ್ರಿ ಚಾಚಾ. ಪೊಲೀಸ್ ಅಂದ್ರ ಬಂದೂಕ ಹುಡುಕ್ತಾರ. ಮನಿ ಬಾಗ್ಲ ಮ್ಯಾಲ ಹೆಸರು ಬರೀತೀವಲ್ರಿ, ಹಂಗ ಸಾದಾ ಇರ್ಲಿ. ಅಂಜಿಕಿ ಅದರಾಗಿಂದೇ ಬರ್ತದ.”

ಸಾದಾ ಅಕ್ಷರಕ್ಕೆ ಬಿರುಕಿಲ್ಲ, ಹನಿಯಿಲ್ಲ, ನೆರಳಿಲ್ಲ. ಅಡಗಿಕೊಳ್ಳಲು ಜಾಗವೇ ಇಲ್ಲ.

ಡಿಸೆಂಬರ್ 6, ಶುಕ್ರವಾರ

ಅಬ್ದುಲ ಸಮದನ ಕಿರಾಣಿ ಅಂಗಡಿಗೆ ಬೋರ್ಡು ಬರೆದುಕೊಟ್ಟೆ. ಬೆಲ್ಲ, ಶೇಂಗಾ, ಜೋಳ, ಎಲ್ಲ ಒಂದೇ ಉಸಿರಿನಲ್ಲಿ. ಗೆರೆ ದಾರ ಹಿಡಿದ ಹಾಗೆ. ಸಮದ, “ವ್ಹಾ ಉಸ್ತಾದ, ಕೈ ಇನ್ನೂ ಜವಾನ್ ಅದ” ಅಂದ.

ಸಂಜೆ ಮನೆಗೆ ಬಂದು ಆ ಸಿನಿಮಾದ ಹೆಸರು ಬರೆದೆ. ಮೊದಲ ಎರಡು ಅಕ್ಷರ ಚೆನ್ನಾಗಿ ಬಂದವು. ಮೂರನೆಯದು ಕೆಟ್ಟಿತು. ಮತ್ತೊಂದು ಹಾಳೆ, ಮತ್ತೆ ಮೂರನೆಯದೇ. ಥಿನ್ನರ್ ಕಳಪೆ. ಚಳಿ ಬೇರೆ.

ಡಿಸೆಂಬರ್ 8, ಭಾನುವಾರ

ಮಗಳು ಸಿದ್ದೇಶ್ವರಿ ಬಂದಿದ್ದಳು. ಔರಾದದಲ್ಲಿ ನರ್ಸು. ವಾರಕ್ಕೊಮ್ಮೆ ಬಸ್ಸು ಹಿಡಿದು ಬಂದು ನನ್ನ ಅಡುಗೆಮನೆಯನ್ನು ಬೈದು ಹೋಗುತ್ತಾಳೆ. ಸ್ನಾನದ ಮನೆಯಲ್ಲಿ ಜೋರಾಗಿ ಹಾಡುತ್ತಾಳೆ. ಬಾಗಿಲಿಗೆ ಒಳಗಿನಿಂದ ಚಿಲಕವಿಲ್ಲ, ದೇರ್‌ಫೋರ್ ಒಳಗೆ ಯಾರೋ ಇದ್ದಾರೆಂದು ತಿಳಿಯಲು ಹಾಡಬೇಕು. ನೀರು ತುಂಬಿದ ಬಕೆಟ್ಟನ್ನು ಬಾಗಿಲಿಗೆ ಅಡ್ಡ ಇಡಬೇಕು.

ತಲೆ ಒರೆಸಿಕೊಳ್ಳುತ್ತ ಹೊರಗೆ ಬಂದು ಶುರು ಮಾಡಿದಳು. “ಅಪ್ಪಾ, ಒಂದ್ ಚಿಲಕ ಹಚ್ಚಿಸು. ಹಾಡಿ ಹಾಡಿ ನನ್ನ ಗಂಟಲ ಬಿದ್ದದ. ಬಾಜೂ ಮನಿ ಗುಡಿಯಾ ಕೇಳ್ತಾಳ, ಅಕ್ಕಾ ನೀ ಆರ್ಕೆಸ್ಟ್ರಾದಾಗ ಇದ್ದೀಯೇನು ಅಂತ.”

“ಬಡಿಗ್ಯಾ ಸಿಗವಲ್ಲ.”

“ತೆಗಿಯೋ ಮುಂದ ಬಡಿಗ್ಯಾ ಬೇಕಾಗಿದ್ದಿಲ್ಲಲ್ಲ. ಇಡೀ ಮನಿದು ನೀನೇ ತೆಗ್ದಿ.”

ತೆಗೆದೆ, ಹೌದು. ಇಲ್ಲಿ ಬರೆದಿಟ್ಟುಬಿಡುತ್ತೇನೆ, ಇಂಗ್ಲಿಷಿನಲ್ಲಿ ಸುಲಭ. ಲಾಸ್ಟ್ ಇಯರ್, ಇನ್ ದಿ ಮಂತ್ ಆಫ್ ಡಿಸೆಂಬರ್, ದಿ ಬಾತ್‌ರೂಮ್ ವಾಸ್ ಬೋಲ್ಟೆಡ್ ಫ್ರಮ್ ಇನ್‌ಸೈಡ್. ದಿ ಡೋರ್ ವಾಸ್ ನಾಕ್ಡ್. ದಿ ಡೋರ್ ವಾಸ್ ಬ್ರೋಕನ್. ಕಾಂತಾಬಾಯಿ ವಾಸ್ ಫೌಂಡ್. ಹೃದಯ ನಿಂತಿತ್ತು ಅಂದರು. ಬಾಗಿಲು ಬೇಗ ಒಡೆದಿದ್ದರೂ ಏನೂ ಆಗುತ್ತಿರಲಿಲ್ಲ ಅಂತ ಡಾಕ್ಟರು ಹೇಳಿದರು. ಹೇಳಲಿ.

ಸಿದ್ದೂ ನನ್ನ ಹಾಳೆಗಳನ್ನು ನೋಡಿದಳು. ಕೈ ಮುಂದೆ ಚಾಚು ಅಂದಳು. ಮೂಗು ಮುಟ್ಟು, ಅವಳ ಬೆರಳು ಮುಟ್ಟು, ಕಾಗದದ ಮೇಲೆ ಸುರುಳಿ ಬರಿ. ಬರೆದೆ, ಶಂಖದ ಹಾಗೆ ಬಂತು.

“ಕೈಗೇನೂ ಆಗಿಲ್ಲಪ್ಪಾ ನಿಂಗ.”

“ಮತ್ತ ಇದು ಯಾಕ ನಡಗ್ತದ?”

ಅವಳು ನನ್ನ ಮುಖ ನೋಡಿದಳು. ಬಸ್ಸಿಗೆ ಹೊತ್ತಾಯಿತೆಂದು ಎದ್ದಳು. ಔರಾದದ ಬಸ್ಸು ಅಷ್ಟು ಬೇಗ ಇಲ್ಲ, ನನಗೆ ಗೊತ್ತಿದೆ.

ಡಿಸೆಂಬರ್ 11, ಬುಧವಾರ

ನಜಮೋದ್ದೀನ ಬಂದ. ಟಾಕೀಸಿನಲ್ಲಿ ಉರ್ದು ಹೆಸರು ಅವನದು, ಕನ್ನಡ ನನ್ನದು. ಕನ್ನಡದ ಗೆರೆ ನಾನು ಎಳೆದರೆ ಬಣ್ಣ ತುಂಬಲು ಅವನೂ ಕೂಡುತ್ತಿದ್ದ. ನಾನು ಎಡ ತುದಿಯಿಂದ, ಅವನು ಉರ್ದುವಿನ ರೂಢಿಯಂತೆ ಬಲ ತುದಿಯಿಂದ. ನಡುವಿನ ಅಕ್ಷರಕ್ಕೆ ಯಾರು ಮೊದಲು ಮುಟ್ಟುತ್ತಾರೋ ಆ ಅಕ್ಷರ ಅವರದ್ದು, ತಡವಾದವನದು ಚಹಾ. ಬಹಳ ಸಲ ನಾನೇ ಕುಡಿಸಿದ್ದೇನೆ. ಉರ್ದುವಿನವರ ಕೈ ಓಟ ಹಾಗಿರುತ್ತದೆ.

ಹಾಳೆಗಳನ್ನೆಲ್ಲ ನೆಲದ ಮೇಲೆ ಹರಡಿ ಮೊಣಕಾಲೂರಿ ನೋಡಿದ.

“ಜ್ಞಾನೋಬಾ, ಇದರಾಗ ಒಂದ್ ಮಾತು ಹೇಳ್ಲೇನು?”

“ಹೇಳ್ದಿದ್ರ ಹೋಗ್ತೀಯೇನು?”

“ಆ ಕಡಿ ಎರಡು ಚಂದ, ಈ ಕಡಿ ಎರಡು ಚಂದ. ನಡುವಿಂದು ಬಂತಂದ್ರ ನೀ ಬರಿಯೋದು ಬಿಟ್ಟು ಬಾಗ್ಲ ಬಡದಂಗ ಬಡೀತಿ.”

ಬ್ರಷ್ಷು ಸರಿಯಿಲ್ಲ ಅಂದೆ. ಅವನು ಬ್ರಷ್ಷನ್ನು ಅಂಗೈ ಮೇಲೆ ಉಜ್ಜಿ, “ಬ್ರಷ್‌ಗಿ ಹೆಂಡತಿ ಇರಲಿಲ್ಲಪ್ಪಾ” ಅಂದ.

ನಾನು ಹಾಳೆಗಳನ್ನು ಮಡಚಿಟ್ಟೆ. ಅವನು ನನ್ನ ಜೋಳದ ಹಿಟ್ಟಿನ ಡಬ್ಬಿ ಹುಡುಕಿ ತಾನೇ ರೊಟ್ಟಿ ಬಡಿದ. ಕೆಟ್ಟದಾಗಿ ಬಡಿದ.

ಡಿಸೆಂಬರ್ 14, ಶನಿವಾರ

ಭಾಲ್ಕಿಗೆ ಹೋಗಿದ್ದೆ. ಹೋಗಬಾರದಿತ್ತು.

ಮೊದಲು ಎಲ್ಲ ಚೆನ್ನಾಗಿತ್ತು. ಓಣಿಯಲ್ಲಿ ಬ್ರಷ್ಷಿನ ಪೆಟ್ಟಿಗೆ ಹಿಡಿದು ನಾನು ನಡೆಯುವುದನ್ನು ಹಿಂದಿನಿಂದ ತೆಗೆದರು. ಚೌಕಳಿ ಅಂಗಿ ಚೆನ್ನಾಗಿ ಕಾಣುತ್ತದಂತೆ, ಹದಿನೆಂಟಕ್ಕೂ ಅದೇ ಅಂಗಿ ಇರಲಿ ಎಂದ ಫೈಜಲ. ಆಮೇಲೆ ವಾಡೆಯ ಅಂಗಳದ ಗೋಡೆ ತೋರಿಸಿದ. ನೀಲಿ ಸುಣ್ಣದ ಹಳೆಯ ಗೋಡೆ, ಬಣ್ಣ ಕೂಡಲೇ ಕುಡಿಯುವಂಥದ್ದು. ಒರೆಸಿ ತಿದ್ದುವ ಹಾಗಿಲ್ಲ. ಸುಣ್ಣದ ದಾರ ಬಡಿದು ಮೇಲೆ ಕೆಳಗೆ ಗೆರೆ ಹಾಕಿದೆ, ಐದು ಅಕ್ಷರಕ್ಕೆ ಐದು ಮನೆ ಮಾಡಿ, ಒಳಗೆ ಸೀಮೆಸುಣ್ಣದಲ್ಲಿ ತೆಳುವಾಗಿ ಅಕ್ಷರದ ಗೆರೆ ಎಳೆದೆ. ಕೈ ಕಲ್ಲಿನ ಹಾಗೆ ಇತ್ತು.

ಆಗ ಪಕ್ಕದ ಕೋಣೆಯ ಹೊರಗೆ ಅವರ ರಿಹರ್ಸಲ್ ಶುರುವಾಯಿತು. ಒಬ್ಬ ಬಾಗಿಲು ಬಡಿದ. ಮತ್ತೊಬ್ಬ ಬಡಿದ. “ತೆಗಿಯವ್ವಾ... ಏ ತೆಗಿಯವ್ವಾ...” ಮೊದಲು ಮೆಲ್ಲಗೆ, ಆಮೇಲೆ ಮುಷ್ಟಿಯಿಂದ, ಆಮೇಲೆ ಭುಜದಿಂದ. ಒಳಗಿನ ಚಿಲಕ ಪ್ರತಿ ಹೊಡೆತಕ್ಕೂ ಗಡಗಡ ಅನ್ನುತ್ತಿತ್ತು. ಫೈಜಲ, “ಇನ್ನೂ ಜೋರ್, ಇನ್ನೂ ಜೋರ್” ಅಂತಿದ್ದ.

ನಾನು ಬಸ್ಸಿನಲ್ಲಿದ್ದೆ. ಅಂದರೆ, ಆಮೇಲೆ ನನಗೆ ನೆನಪಿರುವುದು ಬೀದರಿನ ಬಸ್ಸು. ಪೆಟ್ಟಿಗೆ ವಾಸ್ ಫರ್ಗಾಟನ್, ಗೋಡೆಯ ಬುಡದಲ್ಲೇ.

ಫೋನು ಬಂತು. “ಚಾಚಾ, ಹೇಳ್ದೇನೇ ಹೋದ್ರಿ? ಯಾರರ ಏನರ ಅಂದ್ರೇನ್ರಿ?”

“ಕೈಗಿ ಶೀತ ಆಗ್ಯದ. ನಜಮೋದ್ದೀನ ಬರೀತಾನ. ಗೆರಿ ಹಾಕಿಟ್ಟೇನಿ, ತುಂಬೋದಷ್ಟೇ.”

“ಅವ್ರ ಕೈ ಚಲೋ ಅದ ಖರೆ. ಆದ್ರ ಅವ್ರು ಉರ್ದು ಬರಿಯೋರಲ್ರಿ?”

“ಆಕಿ ಕೊನಿಗಿ ಬಾಗ್ಲ ತೆಗೀತಾಳೋ ಇಲ್ಲೋ, ಅದರ ಹೇಳು.”

“ಚಾಚಾ...” ಅಂದ. ಫೋನಿಟ್ಟೆ.

ಡಿಸೆಂಬರ್ 16, ಸೋಮವಾರ

ನಜಮೋದ್ದೀನ ಬಂದು ನನ್ನ ಚೌಕಳಿ ಅಂಗಿ ಒಯ್ದ, ಸಿನಿಮಾದಲ್ಲಿ ಹಿಂದಿನಿಂದ ನಾನೇ ಅನ್ನಿಸಬೇಕಲ್ಲ. ಅವನಿಗೆ ಹೊಟ್ಟೆಯ ಹತ್ತಿರ ಬಿಗಿಯಾಗುತ್ತದೆ.

ಡಿಸೆಂಬರ್ 17, ಮಂಗಳವಾರ

ಏನೂ ಇಲ್ಲ.

ಡಿಸೆಂಬರ್ 18, ಬುಧವಾರ

ಬರೆಯಬೇಕು. ಇವತ್ತೇ ಬರೆಯದಿದ್ದರೆ ನಾಳೆ ಬೇರೆ ಥರ ಬರೆಯುತ್ತೇನೆ.

ಬರಲ್ಲ ಅಂದಿದ್ದೆ. ನಜಮೋದ್ದೀನ ಬೆಳಿಗ್ಗೆ ಬಾಗಿಲಲ್ಲಿ ನಿಂತು, “ನಿನ್ನ ಅಂಗಿ ಹಾಕ್ಕೊಂಡು ನಾ ಒಬ್ಬನೇ ಹೋದ್ರ ಪೊಲೀಸರು ಹಿಡೀತಾರ, ನಡಿ” ಅಂದ. ಹೋದೆ. ಮೊಣಕೈ ಹರಿದ ಸ್ವೆಟರಿನಲ್ಲಿ.

ನನ್ನ ಪೆಟ್ಟಿಗೆ ಗೋಡೆಯ ಬುಡದಲ್ಲೇ ಇತ್ತು. ಯಾರೋ ಬ್ರಷ್ಷು ತೊಳೆದು ಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ಕ್ಯಾಮೆರಾ ಮುಕ್ಕಾಲಿ ಸ್ಟ್ಯಾಂಡಿನ ಮೇಲೆ. ಸಪ್ಪಳ ಆಮೇಲೆ ಬೇರೆ ಹಾಕುತ್ತಾರಂತೆ, ಮಾತಾಡಿದರೂ ನಡೆಯುತ್ತದೆ ಅಂದ ಫೈಜಲ. ಆದರೂ ವಾಡೆಯ ಮಾಲಕರು, ಲೈಟಿನವರು, ಬಾಗಿಲು ಬಡಿಯುವ ಪಾರ್ಟಿನವರು, ಎಲ್ಲ ಉಸಿರು ಹಿಡಿದು ಗೋಡೆ ನೋಡುತ್ತಿದ್ದರು. ನಾನು ಕಂಬದ ಮರೆಗೆ ನಿಂತೆ.

ಫೈಜಲ ಕೈ ಇಳಿಸಿದ. ನಜಮೋದ್ದೀನ ಬ್ರಷ್ಷು ಅದ್ದಿ, ಸೀದಾ ನಡೆದು, ಬಲ ತುದಿಗೆ ಹೋಗಿ ‘ಕ’ ತುಂಬಲು ಶುರು ಮಾಡಿದ.

ಕೊನೆಯ ಅಕ್ಷರದಿಂದ!

“ಅಲ್ಲಿಂದಲ್ರಿ...” ಫೈಜಲನ ದನಿ ಅರ್ಧಕ್ಕೇ ಸತ್ತಿತು. ಬಣ್ಣ ಗೋಡೆ ಕುಡಿದುಬಿಟ್ಟಿತ್ತು. ನಜಮೋದ್ದೀನನ ಬೆನ್ನು ಗಕ್ಕನೆ ನಿಂತದ್ದು ಕಂಡೆ. ಆವಾಗ ಅವನಿಗೂ ಗೊತ್ತಾಗಿತ್ತು. ಜೀವಮಾನದ ರೂಢಿ, ಗೆರೆ ಎಳೆದಿಟ್ಟ ಕನ್ನಡ ಕಂಡರೆ ಅವನ ಕಾಲು ಬಲಕ್ಕೇ ಹೋಗುತ್ತದೆ. ಯಾಕೆಂದರೆ ಎಡಕ್ಕೆ ಯಾವಾಗಲೂ ಇನ್ನೊಬ್ಬ ಇರುತ್ತಾನೆ.

ನನ್ನ ಕಾಲೂ ಹಾಗೇ ಮಾಡಿದವು. ಯೋಚನೆ ಮಾಡಲಿಲ್ಲ. ಪೆಟ್ಟಿಗೆಯಿಂದ ಬ್ರಷ್ಷು ತೆಗೆದು ಎಡ ತುದಿಗೆ ಹೋಗಿ ‘ಒ’ ಹಿಡಿದೆ. ಕ್ಯಾಮೆರಾ ನಿಲ್ಲಿಸು ಅಂತ ಯಾರೂ ಅನ್ನಲಿಲ್ಲ. ‘ಒ’ ತುಂಬಿತು. ‘ಳ’ ತುಂಬುತ್ತಿದ್ದೆ. ಆ ಕಡೆಯಿಂದ ‘ಲ’ ಬರುತ್ತಿತ್ತು. ಅವನ ಉಸಿರು ಕೇಳುತ್ತಿತ್ತು, ಯಾವಾಗಿನ ಹಾಗೆ ಬಾಯಿಂದ ಬಿಡುತ್ತಾನೆ.

ನಾನು ‘ಳ’ದ ಕೊನೆಯ ಸುತ್ತಿನಲ್ಲಿದ್ದಾಗ ಅವನದು ಮುಗಿದೇ ಹೋಗಿತ್ತು. ನಡುವಿನ ಮನೆ ಖಾಲಿ. ಎಡಕ್ಕೆ ಎರಡು, ಬಲಕ್ಕೆ ಎರಡು, ನಡುವೆ ಬಣ್ಣ ಮುಟ್ಟದ ನೀಲಿ ಗೋಡೆ. ಅವನು ಮೊದಲು ಬಂದಿದ್ದ, ಅಕ್ಷರ ಅವನದ್ದು. ಬ್ರಷ್ಷೂ ತುಂಬಿತ್ತು. ನನಗೆ ಎಷ್ಟು ನಿರಾಳವಾಯಿತೆಂದರೆ ಕೈ ಇಳಿಸಿಯೇಬಿಟ್ಟಿದ್ದೆ.

ನಜಮೋದ್ದೀನ ಒಂದು ಹೆಜ್ಜೆ ಹಿಂದೆ ಸರಿದ. ಬ್ರಷ್ಷನ್ನು ಡಬ್ಬಿಯ ಅಂಚಿಗೆ ಒರೆಸಿದ.

“ಇವತ್ತ ಚಹಾ ನಂದು” ಅಂದ.

ಅವನಿಗೆ ಬೈಯಬೇಕು ಅನ್ನಿಸಿತು. ಕೈ ಎತ್ತಿದೆ. ನಡುಗಿತು. ಎಲ್ಲರೂ ನೋಡುತ್ತಿದ್ದರು, ಕ್ಯಾಮೆರಾ ನೋಡುತ್ತಿತ್ತು. ನಿಲ್ಲಲಿ ಅಂತ ಕಾದೆ. ನಿಲ್ಲಲಿಲ್ಲ. ಬ್ರಷ್ಷಿನ ತುದಿಯಲ್ಲಿ ಹನಿ ಕಟ್ಟುತ್ತಿತ್ತು, ಇನ್ನೊಂದು ಕ್ಷಣಕ್ಕೆ ಬೀಳುತ್ತಿತ್ತು, ಬಿದ್ದರೆ ದೆವ್ವದ ಸಿನಿಮಾ. ದಿ ಹ್ಯಾಂಡ್ ವಾಸ್ ಶೇಕಿಂಗ್. ಐ ರೋಟ್ ಇಟ್.

‘ಚಿ’ ನಿಂತಿತು. ಮೇಲಿನ ಗುಡಿಸಿನ ಸುತ್ತು ಒಂದು ಕಡೆ ಅಲುಗಿದೆ. ಬಹಳ ಇಲ್ಲ. ಗೊತ್ತಿದ್ದವರಿಗೆ ಕಾಣುತ್ತದೆ.

ಯಾರೋ ಉಸಿರು ಬಿಟ್ಟರು. ಆಮೇಲೆ ಎಲ್ಲರೂ. ಫೈಜಲ ಪುಟ್ಟ ಪರದೆಯಲ್ಲಿ ಮತ್ತೆ ಹಾಕಿ ನೋಡಿದ, ಮತ್ತೆ ನೋಡಿದ. ಒಂದು ಕಡೆಯಿಂದ ಚೌಕಳಿ ತೋಳು, ಇನ್ನೊಂದು ಕಡೆಯಿಂದ ಹರಿದ ಸ್ವೆಟರು, ನಡುವೆ ತುಂಬದ ಒಂದು ಜಾಗ. ಓದಲು ಬರದವನೂ ಆ ಜಾಗವನ್ನೇ ನೋಡುತ್ತಾನೆ.

“ನನ್ನ ಸಿನಿಮಾ ಇದೇ ಅದ್ರಿ ಚಾಚಾ” ಅಂದ. ಆಮೇಲೆ, “ಮ್ಯಾಲ ಆ ಸುತ್ತು ನಡುಗಿಸಿದ್ದು ಬೇಕಂತ ಮಾಡಿದ್ರೇನ್ರಿ?”

“ಮತ್ತ? ಸ್ಟೈಲ್ ಅದು.”

ನಜಮೋದ್ದೀನ ಕೆಮ್ಮಿದ.

ಹೊರಡುವಾಗ ಫೈಜಲ ಬಸ್ಸಿನ ತನಕ ಬಂದ. “ಚಾಚಾ, ನಿಮಗಷ್ಟೇ ಹೇಳ್ತೇನ್ರಿ. ಕೊನಿಗಿ ಆಕಿ ಬಾಗ್ಲ...”

“ಬ್ಯಾಡ” ಅಂದೆ. “ಥೇಟರ್‌ದಾಗ ನೋಡ್ತೇನಿ.”

ಚಹಾ ಬಸ್ ಸ್ಟ್ಯಾಂಡಿನಲ್ಲಿ ಕುಡಿದೆವು. ನೀರಾಗಿತ್ತು. ನಜಮೋದ್ದೀನನಿಗೆ ಹೇಳಿದೆ, ನೀ ಬೇಕಂತ ಬಲಕ್ಕೆ ಹೋದಿ. ದೇವರ ಮೇಲೆ ಆಣೆ, ಮರೆತೆ ಅಂದ. ನಂಬುತ್ತೇನೆ. ಅವನಿಗೆ ಅಷ್ಟು ಬುದ್ಧಿಯಿಲ್ಲ.

ಡಿಸೆಂಬರ್ 22, ಭಾನುವಾರ

ನಿನ್ನೆ ಗಂಜದಲ್ಲಿ ಹಾರ್ಡ್‌ವೇರ್ ಅಂಗಡಿಯ ಮುಂದೆ ಹೋಗುತ್ತಿದ್ದೆ. ಥಿನ್ನರ್ ಬೇಕಿತ್ತು. ಜೊತೆಗೆ ಒಂದು ಹಿತ್ತಾಳೆಯ ಚಿಲಕ ತಂದೆ, ಚೆನ್ನಾಗಿತ್ತು ಅಂತ. ಬಡಿಗ ಸಿಗಲಿಲ್ಲ. ನಾನೇ ಹಚ್ಚಿದೆ. ಸ್ಕ್ರೂ ನೆಟ್ಟಗೆ ಕೂತವು.

ಈಗ ಬೆಳಿಗ್ಗೆ. ಸಿದ್ದೂ ಮೊದಲ ಬಸ್ಸಿಗೇ ಬಂದಿದ್ದಾಳೆ. ಟವೆಲ್ ಹೆಗಲ ಮೇಲೆ ಹಾಕಿಕೊಂಡು ಸ್ನಾನದ ಮನೆಗೆ ಹೋದವಳು ಬಾಗಿಲಲ್ಲೇ ನಿಂತಳು. ಚಿಲಕವನ್ನು ಬೆರಳಿಂದ ಆಚೆ ಈಚೆ ಆಡಿಸಿದಳು. ನನ್ನ ಕಡೆ ತಿರುಗಲಿಲ್ಲ. ಬಕೆಟ್ಟನ್ನು ಬಾಗಿಲಿಂದ ದೂರ ಸರಿಸಿಟ್ಟಳು. ಬಾಗಿಲು ಮುಚ್ಚಿತು. ಟಕ್.

ನಾನು ಮಂಚದ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ನೀರು ಬೀಳುತ್ತಿದೆ. ತಂಬಿಗೆ ನೆಲಕ್ಕೆ ತಾಗಿದ ಸಪ್ಪಳ. ಮತ್ತೆ ನೀರು.

ಈಗ ನೀರು ನಿಂತಿದೆ.

ಏನೂ ಕೇಳುತ್ತಿಲ್ಲ. ಸಾಬೂನು ಹಚ್ಚಿಕೊಳ್ಳುತ್ತಿರಬೇಕು. ಸಾಬೂನಿಗೆ ಸಪ್ಪಳ ಇರುವುದಿಲ್ಲ. ಕರೆಯಲೇ? ಈ ಸಾಲು ಮುಗಿಯಲಿ, ಆಮೇಲೆ ಕರೆಯುತ್ತೇನೆ. ಅಕ್ಷರ ಎಲ್ಲಿಗೋ ಹೋಗುತ್ತಿವೆ, ಹೋಗಲಿ. ಈ ಸಾಲು ಮುಗಿಯಲಿ.

ಹಾಡುತ್ತಿದ್ದಾಳೆ.

ಚಿಲಕ ಹಾಕಿಕೊಂಡೇ, ಗಂಟಲು ಬಿದ್ದ ದನಿಯಲ್ಲಿ, ಬಾಜೂ ಮನೆಗೆ ಕೇಳುವ ಹಾಗೆ ಹಾಡುತ್ತಿದ್ದಾಳೆ.

ಚಹಾಕ್ಕೆ ನೀರಿಡಬೇಕು.